ಕಲ್ಲು ಹೇರಿದಾಗ ಮಾತ್ರ ಇಳಿಯುತ್ತಿದ್ದ ನೀರು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಯಶವಂತಪುರದ ಒಂದು ಲಾರಿ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದೆ. ಮೂವತ್ತು ದಾಟಿರಲಿಲ್ಲ. ಇಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾನೆ ಎಂಬ ಹೆಸರು ಆಗಲೇ ಬಂದುಬಿಟ್ಟಿತ್ತು.

ಚಿಕ್ಕಜಾಲದ ಕಡೆಯಿಂದ ಕಲ್ಲು ಹೇರುವ ಹಳೆಯ ಲಾರಿಯೊಂದು ನಮ್ಮಲ್ಲಿಗೆ ಬರುತ್ತಿತ್ತು. ಅದರ ಡ್ರೈವರ್ ಬಾಗಲೂರಿನವರು, ನಮ್ಮ ತಂದೆಯ ವಾರಿಗೆಯವರು. ಅವರ ದೂರು ಒಂದೇ. ಬೆಳಿಗ್ಗೆ ರೇಡಿಯೇಟರಿಗೆ ಬಾಯಿ ತನಕ ನೀರು ತುಂಬಿದರೆ ಒಂದು ಟ್ರಿಪ್ಪು ಮುಗಿಯುವಷ್ಟರಲ್ಲಿ ಅರ್ಧ ಮಾಯ. ಕೆಳಗೆ ಒಂದು ಹನಿ ಸೋರಿದ ಗುರುತಿಲ್ಲ. ಹೋಸ್ ಪೈಪು, ವಾಟರ್ ಪಂಪು ಎಲ್ಲ ನೋಡಿದೆ. ಆಯಿಲಿಗೆ ನೀರು ಬೆರೆತಿದೆಯೇ ಎಂದು ಕಡ್ಡಿ ಎಳೆದು ನೋಡಿದೆ. ಅರ್ಧ ಗಂಟೆ ಶೆಡ್ಡಿನಲ್ಲೇ ಇಂಜಿನ್ ಓಡಿಸಿದೆ. ನೀರು ಒಂದು ಬೆರಳಷ್ಟೂ ಇಳಿಯಲಿಲ್ಲ.

“ನಿಂತಾಗ ಇಳಿಯಾಕಿಲ್ಲ ಕಣಪ್ಪ ಮೇಸ್ತ್ರಿ,” ಅಂದರು ಅವರು. “ಕಲ್ ತುಂಬ್ಕಂಡು ಎಬ್ಬಾಳದ ದಿಣ್ಣೆ ಏರುವಾಗ ಓಯ್ತದೆ. ಒಂದ್ ಕಿತ ನನ್ ಪಕ್ಕ ಕುಂತ್ಕಂಡು ಬಾ.”

ಡ್ರೈವರ್ ಕರೆದನೆಂದು ಮೇಸ್ತ್ರಿ ಕ್ಯಾಬಿನ್ ಹತ್ತುವುದು ನಮ್ಮ ಶೆಡ್ಡಿನಲ್ಲಿ ಇರಲಿಲ್ಲ. ಲಾರಿಯೇ ನಮ್ಮ ಹತ್ತಿರ ಬರಬೇಕು. ಅಷ್ಟರಲ್ಲಿ ಗಂಗಾನಗರದಿಂದ ಲಾರಿಯ ಮಾಲೀಕರು ಬಂದರು.

“ಏನಯ್ಯ, ನೀರು ಎಲ್ಲಿಗ್ ಹೋಗ್ತಿದೆ?”

ಗೊತ್ತಾಗಲಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. “ಡ್ರೈವರಣ್ಣಂಗೆ ಸಾಯಂಕಾಲ ಬೆರೆಸ್ಕೊಳ್ಳೋಕೆ ನೀರು ಬೇಕಲ್ಲ ಸ್ವಾಮಿ. ಲಾರಿ ಹತ್ರಾನೇ ಇಸ್ಕೊತಾರೇನೋ,” ಅಂದುಬಿಟ್ಟೆ.

ವಾರಕ್ಕೊಂದು ಸಲ ಡ್ರೈವರ್ ಸ್ವಲ್ಪ ಹೆಂಡ ಹಾಕುವುದು ಎಲ್ಲರಿಗೂ ಗೊತ್ತಿತ್ತು. ಶೆಡ್ಡಿಗೆ ಶೆಡ್ಡೇ ನಕ್ಕಿತು. ಮಾಲೀಕರು ನಗಲಿಲ್ಲ. “ಓಹೋ, ಕುಡಿದು ನೀರು ತುಂಬೋದೇ ಮರೀತಾನಾ?” ಎಂದು ನನ್ನ ಮುಖ ನೋಡಿದರು. ಇಲ್ಲ ಅನ್ನಬಹುದಿತ್ತು. ಸ್ಪ್ಯಾನರ್ ಒರೆಸುತ್ತಾ ನಿಂತೆ. ಆ ವಾರವೇ ಡ್ರೈವರಣ್ಣನ ಕೆಲಸ ಹೋಯಿತು.

ಹೊಸ ಡ್ರೈವರ್ ಬಂದ. ನೀರು ಮಾತ್ರ ಅದೇ ರೀತಿ ಇಳಿಯುತ್ತಿತ್ತು. “ಇವನು ಕಾಫೀನೂ ಕುಡಿಯಲ್ಲ ಕಣಯ್ಯ,” ಅಂದರು ಮಾಲೀಕರು. “ಈಗ ಯಾರು ಬೆರೆಸ್ಕೊತಿದಾರೆ, ಹೇಳು.”

ಹೊಸ ಡ್ರೈವರ್ ಪಕ್ಕ ಕೂತು ಚಿಕ್ಕಜಾಲಕ್ಕೆ ಹೋದೆ. ಬರುವಾಗ ಕಲ್ಲಿನ ಭಾರದಲ್ಲಿ ಲಾರಿ ಹೆಬ್ಬಾಳದ ದಿಣ್ಣೆ ಏರುತ್ತಿದ್ದಂತೆ, ರೇಡಿಯೇಟರಿನ ಪಕ್ಕದ ಸಣ್ಣ ಕೊಳವೆಯಿಂದ ನೀರು ಪುಸಪುಸನೆ ಚಿಮ್ಮಿ ಗಾಳಿಗೆ ಹಾರಿಹೋಗತೊಡಗಿತು. ಶೆಡ್ಡಿಗೆ ಬಂದು ಇಂಜಿನ್ನಿನ ಹೆಡ್ ಬಿಚ್ಚಿದೆ. ಮೂರನೇ ಸಿಲಿಂಡರಿನಿಂದ ನೀರಿನ ತೂತಿನವರೆಗೆ, ಹೆಡ್ಡಿನಡಿ ಸಂದು ಮುಚ್ಚುವ ಗ್ಯಾಸ್ಕೆಟ್ ಮೇಲೆ ಕೂದಲಷ್ಟು ಕಪ್ಪು ಗೆರೆ. ಭಾರ ಬಿದ್ದಾಗ ಬೆಂಕಿಯ ಹೊಗೆ ಆ ಸಂದಿಯಲ್ಲಿ ನುಗ್ಗಿ ನೀರನ್ನು ಹೊರಗೆ ತಳ್ಳುತ್ತಿತ್ತು. ಆರು ತಿಂಗಳ ಹಿಂದೆ, ಹೆಡ್ ಬಾಗಿದೆಯೇ ಎಂದು ಪಟ್ಟಿ ಇಟ್ಟು ಕೂಡ ನೋಡದೆ, ಅವಸರದಲ್ಲಿ ಆ ಗ್ಯಾಸ್ಕೆಟ್ ಕೂರಿಸಿದವನು ನಾನೇ.

ಭಾನುವಾರ ಬಾಗಲೂರಿಗೆ ಹೋದೆ. ಹಳೆಯ ಡ್ರೈವರ್ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದರು. ಎಲ್ಲವನ್ನೂ ಒಪ್ಪಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

“ಮೂರನೇದಾ?” ಅಂದರು. “ನಂಗೂ ಅಲ್ಲೇ ಸದ್ದು ಬ್ಯಾರೆ ಕೇಳ್ತಿತ್ತು.”

“ಮಾಲೀಕರು ವಾಪಸ್ ಕರೀತಿದಾರಣ್ಣ. ಬನ್ನಿ.”

ಮೊರ ಕೆಳಗಿಟ್ಟರು. “ಬತ್ತೀನಿ. ಆದ್ರೆ ಆ ಮಾತ ನೀನು ಆಡಿದ್ದು ಎಲ್ರ ಮುಂದೆ. ಈಗ ನಾವಿಬ್ರೇ ಇದೀವಿ. ಮೊದ್ಲು ಅಲ್ಲೋಗಿ ಇಂಗೇ ಏಳು. ಏಳ್ತೀಯಾ?”

“ಹೇಳ್ತೀನಣ್ಣ.”

ಸೋಮವಾರ ಬೆಳಿಗ್ಗೆ ಶೆಡ್ಡಿನವರೆಲ್ಲ ಟೀ ಕುಡಿಯುತ್ತಾ ಆ ಗ್ಯಾಸ್ಕೆಟನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತಿದ್ದರು. “ಯಾರ್ ಗುರು ಇದನ್ನ ಕೂರ್ಸಿದ್ದು?” ಎಂದು ಒಬ್ಬ ಕೇಳಿದ. ಎಲ್ಲರೂ ನನ್ನ ಕಡೆ ತಿರುಗಿದರು.

“ಯಾವ್ದೋ ಬೇರೆ ಶೆಡ್ಡಲ್ಲಿ ಹಾಕಿರ್ಬೇಕು,” ಅಂದೆ.

ಬಾಗಲೂರಿನ ಅಣ್ಣ ಕೆಲಸಕ್ಕೆ ವಾಪಸ್ ಬರಲಿಲ್ಲ. ನಾನೂ ಮತ್ತೆ ಬಾಗಲೂರಿನ ಕಡೆ ಹೋಗಲಿಲ್ಲ.