ಸೌದೆಗೆ ಬೆನ್ನು ಹಾಕಿ ಕುಳಿತವರು

ಹೋದ ವಾರ ನಮ್ಮ ಬೀದಿ ಮೂಲೆಯ ಹೊಂಗೆ ಮರದ ಕೊಂಬೆಗಳನ್ನು ಕರೆಂಟಿನವರು ಬಂದು ಕಡಿದರು. ಒಬ್ಬ ಏಣಿ ಹತ್ತಿ ಯಂತ್ರ ಗುರ್ರೆನ್ನಿಸಿದ, ಮೂವರು ಕೆಳಗೆ ನಿಂತು ಫೋನು ನೋಡಿದರು. ನಿವೃತ್ತರಿಗೆ ವಿಧಿಸಿರುವ ಕರ್ತವ್ಯದಂತೆ ನಾನು ಗೇಟಿನ ಬಳಿ ನಿಂತು ಮೇಲ್ವಿಚಾರಣೆ ನಡೆಸುತ್ತಿದ್ದೆ. ಹಸಿ ಹೊಂಗೆಯ ಒಗರು ವಾಸನೆ ಮೂಗಿಗೆ ಬಿತ್ತು ನೋಡಿ, ಎರಡೂ ಅಂಗೈ ಚುರುಚುರು ಅನ್ನತೊಡಗಿದವು. ಅಲ್ಲಿ ಬೊಬ್ಬೆ ಎದ್ದು, ಒಡೆದು, ವಾಸಿಯಾಗಿ ನಲವತ್ತು ವರ್ಷದ ಮೇಲಾಯಿತು. ಅಂಗೈಗೆ ಆ ಲೆಕ್ಕ ತಿಳಿದಂತಿಲ್ಲ…

ಆ ಬೊಬ್ಬೆಗಳು ಎದ್ದದ್ದು ನಮ್ಮ ಮಾವನವರ ಹಿತ್ತಿಲಿನಲ್ಲಿ.

ಮಾವನವರ ಊರು ಚೇಳೂರಿನಿಂದ ಎರಡು ಮೈಲಿ ಒಳಕ್ಕಿತ್ತು. ಒಂದಿಷ್ಟು ತೆಂಗು, ಒಂದಿಷ್ಟು ರಾಗಿ ಹೊಲ, ಎರಡು ಹಸು. ಇವುಗಳ ಜೊತೆಗೆ ಅನುಮಾನವನ್ನೂ ಅವರು ಬೇಸಾಯದಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದರು. ಬಾವಿಯ ಹಗ್ಗವನ್ನು ಸಂಜೆ ಸುರುಳಿ ಸುತ್ತಿ ಮನೆಯೊಳಗೆ ತಂದು ಇಡುತ್ತಿದ್ದರು. ದಾರಿಯಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ಪ್ರತಿನಮಸ್ಕಾರ ಮಾಡಿ, ಆ ಮನುಷ್ಯ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಿದ್ದು, ಆಮೇಲೆ ಮೆಲ್ಲಗೆ, "ಇವ್ನ್ಯಾಕೆ ಕೈ ಮುಗ್ದ?" ಅನ್ನುತ್ತಿದ್ದರು. ನಮ್ಮ ಮದುವೆಯಲ್ಲಿ ನಾನು ತಾಳಿ ಕಟ್ಟುವಾಗ ಗಂಟು ಮೂರು ಬಿದ್ದವೋ ಎರಡೋ ಎಂದು ಹಿಂದಿನಿಂದ ಬಗ್ಗಿ ನೋಡಿದವರು ಅವರೊಬ್ಬರೇ. ಹೆಣ್ಣು ಕೊಟ್ಟ ಮೇಲೂ ನನ್ನ ವಿಷಯದಲ್ಲಿ ಅವರ ವಿಚಾರಣೆ ಮುಗಿದಿರಲಿಲ್ಲ. ತಿಂಡಿ ತೆಗೆದುಕೊಂಡು ಹೋದರೆ ಏನೋ ಕೇಳಲು ಬಂದಿದ್ದಾನೆ, ಬರಿಗೈಯಲ್ಲಿ ಹೋದರೆ ಆಗಲೇ ಏನೋ ಸಿಕ್ಕಿದೆ ಎಂಬಂಥ ನೋಟ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋಗಿದ್ದಳು, ಎಂಟು ತುಂಬುತ್ತಾ ಬಂದಿತ್ತು. ತಾಯಿ ಇಲ್ಲದ ಮಗಳು. ಅವಳು ನಾಲ್ಕು ವರ್ಷದವಳಿದ್ದಾಗಲೇ ತಾಯಿ ಜ್ವರದಲ್ಲಿ ತೀರಿಕೊಂಡಿದ್ದರಂತೆ. ಆ ಮನೆಯಲ್ಲಿ ಇದ್ದವರು ಅಪ್ಪ, ಮಗಳು ಇಬ್ಬರೇ. ಹಿತ್ತಿಲ ಮಣ್ಣಿನ ಮೋಟುಗೋಡೆಯ ಆಚೆ ಇದ್ದದ್ದು ಸೂಲಗಿತ್ತಿ ಅಜ್ಜಿಯ ಮನೆ. ಊರಿನ ಅರ್ಧ ಜನರನ್ನು ಭೂಮಿಗೆ ಇಳಿಸಿದ ಕೈ ಆಕೆಯದು. ನನ್ನ ಹೆಂಡತಿಯನ್ನೂ ಆಕೆಯೇ ಇಳಿಸಿದ್ದು, ಆಮೇಲೆ ತಲೆ ಬಾಚಿದ್ದೂ ಆಕೆಯೇ. ಆಸ್ಪತ್ರೆ ಅಂದರೆ ಗುಬ್ಬಿಗೆ ಹೋಗಬೇಕು. ಬಸ್ಸು ದಿನಕ್ಕೆರಡು ಸಲ, ಅದೂ ಮನಸ್ಸು ಬಂದರೆ.

ಮಾಗಿಯ ಚಳಿ. ಎರಡನೇ ಶನಿವಾರ ಮತ್ತು ಭಾನುವಾರ ರಜ ಕೂಡಿ ಬಂದಿತ್ತು. ಬೆಳಗಿನ ಬಸ್ಸಿಗೆ ಹೊರಟು ಊರು ಮುಟ್ಟಿದಾಗ ಮಾವನವರು ಹಿತ್ತಿಲಿನಲ್ಲಿ ಒಂದು ಕೈಯಲ್ಲಿ ಸೊಂಟ ಹಿಡಿದು, ಇನ್ನೊಂದರಲ್ಲಿ ಕೊಡಲಿ ಊರಿಕೊಂಡು ನಿಂತಿದ್ದರು. ಮುಂದೆ ಹೊಂಗೆಯ ಕೊರಡುಗಳ ಗುಡ್ಡೆ. ಬಾಣಂತಿಗೆ ಮೂರು ತಿಂಗಳು ದಿನಾ ಹಂಡೆ ತುಂಬ ಸುಡುಸುಡು ನೀರು ಕಾಯಬೇಕಲ್ಲ, ಅದಕ್ಕೆ ಬೇಕಾದ ಸೌದೆ. ಸೀಳಲು ಬರುತ್ತಿದ್ದ ಆಳನ್ನು, ಅವನು ಊಟವಾದ ಮೇಲೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆಂಗಿನ ಮರಗಳನ್ನು ನೋಡಿದ ಎಂಬ ಕಾರಣಕ್ಕೆ ಬಿಡಿಸಿದ್ದರು. ತಾವೇ ಸೀಳಲು ಹೋಗಿ ಸೊಂಟ ಹಿಡಿದುಕೊಂಡಿತ್ತು.

"ಕೊಡಿ ಮಾವ, ನಾನು ಹೊಡೀತೀನಿ," ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾಕೆ?"

"ನಿಮಗೆ ಸೊಂಟ…"

"ನನ್ ಸೊಂಟದ್ ಇಚಾರ ನಿಮ್ಗ್ಯಾಕೆ ಅಳಿಮಯ್ಯ?"

ಹೆಂಡತಿ ಅಡುಗೆಮನೆ ಬಾಗಿಲಿನಿಂದ, "ಕೊಡಪ್ಪ, ಕೊಡಲಿ ತಗೊಂಡು ಅವರೇನು ತುಮಕೂರಿಗೆ ಓಡಿಹೋಗ್ತಾರಾ?" ಅಂದಳು. ಮಾವನವರು ಆ ಸಾಧ್ಯತೆಯನ್ನೂ ಕೊಂಚ ಹೊತ್ತು ಪರಿಶೀಲಿಸಿ, ಕೊನೆಗೆ ಕೊಡಲಿ ಕೊಟ್ಟರು. ಅಳಿಯ ಸೌದೆ ಒಡೆಯುವುದು ಬೀದಿಗೆ ಕಾಣಬಾರದೆಂದು ಹಿತ್ತಿಲ ಬಾಗಿಲ ಪಡಿ ಎಳೆದು ಮುಚ್ಚಿದರು.

ತುಮಕೂರಿನಲ್ಲಿ ಬೆಳೆದವನಿಗೆ ಸೌದೆ ಅಂದರೆ ಡಿಪೋದಿಂದ ಗಾಡಿಯಲ್ಲಿ ಸೀಳಾಗಿಯೇ ಬರುವ ವಸ್ತು. ಮೊದಲ ಏಟು ಕೊರಡಿನ ಪಕ್ಕದ ನೆಲಕ್ಕೆ ಬಿತ್ತು, ಎರಡನೆಯದೂ ಹಾಗೆಯೇ. ಮೂರನೆಯದು ಕೊರಡಿಗೆ ಬಿದ್ದು ಕೊಡಲಿ ಅಲ್ಲೇ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಕೊರಡಿನ ಮೇಲೆ ಕಾಲಿಟ್ಟು ನಾನು ಪಟ್ಟ ಪಾಡನ್ನು ಹಸುಗಳೆರಡೂ ಮೆಲುಕು ನಿಲ್ಲಿಸಿ ನೋಡಿದವು. ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು ಹೊಟ್ಟೆಗೆ ಬಿದ್ದ ಮೇಲೆ ಕೈ ಪಳಗಿತು. ನಡುನಡುವೆ ಹಸುಗಳಿಗೆ ನೀರು ಸೇದಿ ಇಟ್ಟೆ, ತೋಟದಲ್ಲಿ ಬಿದ್ದ ಗರಿಗಳನ್ನು ಎಳೆದು ತಂದೆ. ಮಾವನವರು ಹಿಂದೆ ಹಿಂದೆಯೇ ಬರುತ್ತಿದ್ದರು. ನನಗೆ ದಾರಿ ತೋರಿಸಲಿಕ್ಕೋ, ನನ್ನನ್ನು ಕಾಯಲಿಕ್ಕೋ… ಆಗಲೂ ತಿಳಿಯಲಿಲ್ಲ.

ಇಳಿಹೊತ್ತಿಗೆ ಅಜ್ಜಿ ಮೋಟುಗೋಡೆಗೆ ಮೊಣಕೈ ಊರಿ ನಿಂತಳು. "ಪರ್ವಾಗಿಲ್ಲ ಗೌಡ, ನಿನ್ ಅಳಿಯ ಬಲೇ ಗಟ್ಟಿಗ. ಬಾಣಂತಿ ನೀರಿಗೆ ಚಿಂತಿಲ್ಲ ಬುಡು."

"ಹೂಂ ಅಕ್ಕಯ್ಯ," ಅಂದರು ಮಾವನವರು. ಆಕೆ ಒಳಗೆ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಂದು, "ಹೊಗಳುದ್ಲು. ನೋಡುದ್ರಾ?" ಅಂದರು. ಹೊಗಳಿಕೆ ಎಂಬುದು ಕಳವಿನ ಮುಂಗಡ ತಿಳುವಳಿಕೆ ಪತ್ರವೆಂದು ಅವರ ಅಭಿಪ್ರಾಯ.

ಅವರು ಹಸು ಕಟ್ಟಲು ಹೋದಾಗ ನಾನು ಒಂದು ಕೆಲಸ ಮಾಡಿದೆ. ಗೋಡೆಯ ಪಕ್ಕ ಮೊದಲೇ ಒಟ್ಟಿದ್ದ ಒಣ ಸೌದೆಯ ಸಾಲಿತ್ತು, ಅದರ ಮೇಲೆ ಹೊಸದಾಗಿ ಸೀಳಿದ್ದನ್ನು ಜೋಡಿಸಬೇಕಿತ್ತು. ಹಳೆಯ ಸಾಲಿನ ಮೇಲ್ಭಾಗ ವಕ್ರವಾಗಿತ್ತು. ಅಲ್ಲದೆ ಅಲ್ಲಿನ ತುದಿಗಳ ಮೇಲೆಲ್ಲಾ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು, ಕಾಗೆಗಳ ಕೊಡುಗೆ ಅಂದುಕೊಂಡೆ. ಕಚೇರಿಯಲ್ಲಿ ಕಡತಗಳನ್ನು ಶುಚಿಯಾದ ಅಂಚು ಹೊರಗೆ ಬರುವಂತೆ ಜೋಡಿಸಿ ಸಾಹೇಬರಿಂದ ಭೇಷ್ ಅನ್ನಿಸಿಕೊಂಡಿದ್ದ ನಾನು, ಮೇಲಿನ ಮೂರು ಸಾಲು ಇಳಿಸಿ, ಪ್ರತಿಯೊಂದನ್ನೂ ತಿರುಗಿಸಿ, ಬೆಳ್ಳಗಿದ್ದ ತುದಿ ಗೋಡೆಯ ಕಡೆಗೆ ಬರುವ ಹಾಗೆ ಮತ್ತೆ ಒಟ್ಟಿದೆ. ಮೇಲೆ ಹೊಸ ಸೌದೆ ಏರಿಸಿದೆ. ದೂರ ನಿಂತು ನೋಡಿದರೆ ದಸರೆಗೆ ಇಟ್ಟ ಗೊಂಬೆ ಸಾಲಿನ ಹಾಗಿತ್ತು. ಸಂತೋಷದಿಂದ ಮಲಗಿದೆ.

ಭಾನುವಾರ ಬೆಳಿಗ್ಗೆ ಎಚ್ಚರವಾದದ್ದು ಮಾವನವರ ಕೂಗಿಗೆ. ಹೋಗಿ ನೋಡಿದರೆ ಅವರು ಗೋಡೆ ಈಚೆ, ಅಜ್ಜಿ ಗೋಡೆ ಆಚೆ.

"ಒಣಗಿದ್ದೆಲ್ಲಾ ಹೋಗಿ ಹಸೀದು ಉಳ್ಕಂಡದೆ. ಯಾವ್ದು ಉರಿತದೆ ಅಂತ ಗೊತ್ತಿರೋರೇ ಎತ್ತವ್ರೆ," ಅನ್ನುತ್ತಿದ್ದರು ಮಾವನವರು. "ಸುಣ್ಣದ ಗೆರೆ ಎಳೆದಿದ್ದೆ ಕಣಕ್ಕಯ್ಯ, ಒಟ್ಟಿರೋ ಸೌದೆ ತುದಿ ಮ್ಯಾಲೆ, ಅಡ್ಡಡ್ಡವಾಗಿ, ಯಾರಾನ ಎತ್ತುದ್ರೆ ಗೊತ್ತಾಗ್ಲಿ ಅಂತ! ಯಾರ್ಗೂ ಹೇಳಿರ್ಲಿಲ್ಲ. ನನ್ ಮಗಳ್ಗೂ ಹೇಳಿರ್ಲಿಲ್ಲ. ಇವತ್ತು ಮೇಲ್ಗಡೆ ಗೆರೇನೇ ಇಲ್ಲ!"

ಕಾಗೆಗಳ ಮೇಲೆ ನಾನು ಹೊರಿಸಿದ ಆರೋಪ ಅಲ್ಲಿಯೇ ಬಿದ್ದುಹೋಯಿತು.

ಅಜ್ಜಿ ತನ್ನ ಎರಡೂ ಕೈಗಳನ್ನು ಗೋಡೆಯ ಮೇಲೆ ಅಂಗಾತ ಇಟ್ಟಳು. "ನೋಡ್ಲಾ. ನಿನ್ ಮಗಳ್ನ ಹಿಡ್ದಿದ್ದು ಇದೇ ಕೈಯಾಗೆ. ಇದಕ್ಕೆ ಕಳ್ತನ ಹಚ್ತೀಯಾ?" ಅಷ್ಟು ದಿನ ಗೌಡ ಅನ್ನುತ್ತಿದ್ದವಳು ಒಂದೇ ಸಲಕ್ಕೆ 'ಲಾ' ಎಂಬಲ್ಲಿಗೆ ಇಳಿದಿದ್ದಳು. "ಇನ್ ನಿನ್ ಹೊಸ್ಲು ತುಳಿಯಾಕಿಲ್ಲ. ಮಗಳ್ಗೆ ನೋವು ಬಂದಾಗ ನಿನ್ ಸುಣ್ಣದ ಗೆರೇನೇ ಕರ್ಕೊ, ಬಂದು ಹೆರಿಗೆ ಮಾಡ್ತದೆ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಅಜ್ಜಿ ಇಲ್ದಿದ್ರೆ ನಂಗಾಗಲ್ಲ ಕಣ್ರೀ," ಅಂದಳು, ಬಹಳ ಮೆಲ್ಲಗೆ. "ಅಮ್ಮನೂ ಇಲ್ಲ, ಇನ್ಯಾರಿದ್ದಾರೆ ನಂಗೆ?"

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ನಾನು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಬಾಯಿ ಬಿಡಲಿಲ್ಲ. ಅಳಿಯನಾಗಿ ಒಂದು ವರ್ಷ, ಸೌದೆ ಜೋಡಿಸಲೂ ಬಾರದವನೆಂದು ಒಪ್ಪಿಕೊಳ್ಳಬೇಕಲ್ಲ. ಆ ಕಾಫಿಯನ್ನು ಎಷ್ಟು ನಿಧಾನವಾಗಿ ಕುಡಿದೆನೆಂಬುದು ಇಂದಿಗೂ ನೆನಪಿದೆ… ತಣ್ಣಗಾಗಿತ್ತು.

ಆಮೇಲೆ ಮಾವನವರ ಮುಂದೆ ಹೋಗಿ ನಿಂತೆ. "ಮಾವ, ಸೌದೆ ಎಲ್ಲೂ ಹೋಗಿಲ್ಲ. ನಾನೇ ತಿರುಗಿಸಿ ಇಟ್ಟೆ. ನಿಮ್ಮ ಸುಣ್ಣ ಗೋಡೆ ಕಡೆಗಿದೆ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಕಣ್ಣು ಸಣ್ಣದಾಯಿತು. "ಹಿಂಗ್ ಹೇಳೋಕೆ ಅವ್ಳು ನಿಮ್ಗೇನ್ ಕೊಟ್ಲು?"

ತಪ್ಪೊಪ್ಪಿಗೆಯನ್ನೂ ಅನುಮಾನಿಸುವ ಮನುಷ್ಯನಿಗೆ ಸಾಕ್ಷಿಯನ್ನೇ ತೋರಿಸಬೇಕಿತ್ತು. ಬೊಬ್ಬೆಗಟ್ಟಿದ ಕೈಯಲ್ಲೇ ಹೊಸ ಸೌದೆಯನ್ನು ಇಳಿಸಿದೆ. ಹಳೆಯದನ್ನು ಒಂದೊಂದಾಗಿ ಎಳೆದು, ತಿರುಗಿಸಿ, ಬಿಳಿ ತುದಿ ತೋರಿಸುತ್ತಾ ಅವರ ಕಾಲ ಬಳಿ ಇಡುತ್ತಾ ಹೋದೆ. ಅವರು ಬಗ್ಗಿ ಪ್ರತಿಯೊಂದರ ಸುಣ್ಣವನ್ನೂ ಉಗುರಿನಿಂದ ಕೆರೆದು ನೋಡಿದರು, ನಾನೇ ಬೆಳಿಗ್ಗೆ ಎದ್ದು ಬಳಿದಿರಬಹುದೇನೋ ಎಂದು. ಅರ್ಧ ಮುಗಿಯುವ ಹೊತ್ತಿಗೆ ಕೆರೆಯುವುದನ್ನು ನಿಲ್ಲಿಸಿದರು. ಪೂರ್ತಿ ಮುಗಿದ ಮೇಲೂ ಬಗ್ಗಿದವರು ಬಗ್ಗಿಕೊಂಡೇ ಇದ್ದರು. ಸೊಂಟದ ನೋವಿಗೋ, ಇನ್ನೊಂದಕ್ಕೋ.

ಕೊನೆಗೆ ಎದ್ದು ಮೋಟುಗೋಡೆಯ ಬಳಿ ಹೋದರು. ತಪ್ಪಾಯಿತು ಎಂಬ ಮಾತನ್ನು ಅವರ ನಾಲಿಗೆ ಅಭ್ಯಾಸ ಮಾಡಿರಲಿಲ್ಲ. ಮುಚ್ಚಿದ ಬಾಗಿಲಿಗೆ, "ಸೌದೆ ಸಿಕ್ತು," ಅಂದರು.

ಒಳಗಿನಿಂದ ಬಂತು: "ನನ್ ಮಾನ ಸಿಕ್ತಾ?"

ಮಾವನವರು ಅಲ್ಲಿಂದ ಕದಲಲಿಲ್ಲ. ಎಳೆ ಬಿಸಿಲು ಗೋಡೆಯ ಮೇಲೇರಿತು. ಹೆಂಡತಿ ತನ್ನ ಹೊಟ್ಟೆ ಹೊತ್ತುಕೊಂಡು ನಡೆದು ಅಪ್ಪನ ಪಕ್ಕ ನಿಂತಳು. ಆಮೇಲೆ ಬಾಗಿಲು ತೆರೆಯಿತು. ಅಜ್ಜಿ ಅಪ್ಪನನ್ನು ನೋಡದೆ ಮಗಳನ್ನೇ ನೋಡಿದಳು.

"ನಿನ್ ಮೊಕ ನೋಡ್ಕಂಡು ಬರ್ತೀನಿ ಕಣವ್ವ. ನೀರೂ ಹಾಕ್ತೀನಿ. ಆದ್ರೆ ನಾನು ಸೌದೆ ತಗಿಯೋವಾಗ ನಿಮ್ಮಪ್ಪ ಸೌದೆಗೆ ಬೆನ್ ಹಾಕ್ಕಂಡು ಕುಂತ್ಕಬೇಕು. ತಿರುಗಿ ನೋಡುದ್ನೋ, ಅವತ್ಗೇ ನಾನ್ ಬರೋದು ಕೊನೆ."

ಮಾವನವರು ತಲೆಯಾಡಿಸಿದರು. ಜಮೀನಿನ ಪತ್ರಕ್ಕೆ ರುಜು ಹಾಕುವಾಗಲೂ ಅವರು ಅಷ್ಟು ಕಷ್ಟಪಟ್ಟಿರಲಾರರು.

ಮುಂದಿನ ತಿಂಗಳು ಮಗಳು ಹುಟ್ಟಿದಳು. ಹೆರಿಗೆ ಸುಲಭವಾಗಿರಲಿಲ್ಲವಂತೆ. ಅಜ್ಜಿಯ ಕೈ ಇರದಿದ್ದರೆ ಎಂಬ ಮಾತನ್ನು ನನ್ನ ಹೆಂಡತಿ ಈಗಲೂ ಪೂರ್ತಿ ಮಾಡುವುದಿಲ್ಲ…

ಅಲ್ಲಿಂದ ಮೂರು ತಿಂಗಳು ನಾನು ಪ್ರತಿ ಭಾನುವಾರ ನೋಡಿದ ದೃಶ್ಯ ಇದು. ಬೆಳಗಾಗುತ್ತಲೇ ಮಾವನವರು ಹಿತ್ತಿಲ ಕಲ್ಲಿನ ಮೇಲೆ ಕಂಬಳಿ ಹೊದ್ದು, ತಮ್ಮದೇ ಸೌದೆಗೆ ಬೆನ್ನು ಹಾಕಿ, ತೆಂಗಿನ ತೋಟದ ಕಡೆ ಮುಖ ಮಾಡಿ ಕೂರುತ್ತಿದ್ದರು. ಶಿಕ್ಷೆ ಅನುಭವಿಸುತ್ತಿರುವ ಪಾಳೇಗಾರನ ಗಾಂಭೀರ್ಯ. ಬೆನ್ನ ಹಿಂದೆ ಅಜ್ಜಿ ಸೌದೆ ಎಳೆಯುತ್ತಿದ್ದಳು, ಒಂದೊಂದಕ್ಕೂ ಟಕ್ ಎಂಬ ಸದ್ದು. ಮೊದಲ ವಾರಗಳಲ್ಲಿ ಪ್ರತಿ ಸದ್ದಿಗೂ ಮಾವನವರ ಕತ್ತಿನ ನರ ಎಳೆಯುತ್ತಿತ್ತು, ತಿರುಗುತ್ತಿರಲಿಲ್ಲ. ಒಂದು ಹಂಡೆ ನೀರು ಕಾಯಲು ಐದು ಸೀಳು ಸಾಕು, ಸೀಳಿದವನು ನಾನೇ ಆದ್ದರಿಂದ ಬಲ್ಲೆ. ಕೇಳುತ್ತಿದ್ದದ್ದು ಏಳು ಸದ್ದು. ಹೋಗುವಾಗ ಅಜ್ಜಿಯ ಸೆರಗಿನ ಅಡಿಯಲ್ಲಿ ಎರಡು ಉದ್ದನೆಯ ಆಕಾರಗಳು ಇರುತ್ತಿದ್ದವು. ನಾನು ತೊಟ್ಟಿಲ ಕಡೆ ನೋಡುತ್ತಿದ್ದೆ. ಕಳ್ಳತನ ಮಾಡದೆ ಕಳ್ಳಿ ಅನ್ನಿಸಿಕೊಂಡವಳು ಆ ಹೆಸರಿಗೆ ಪ್ರತಿಯಾಗಿ ಅಷ್ಟು ತೆಗೆದುಕೊಂಡಳೋ, ಒಲೆಗೆ ಬೇಕಾಗಿತ್ತೋ… ಯಾರೂ ಕೇಳಲಿಲ್ಲ.

ಬಾಣಂತನ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಐದೇ ಸದ್ದು ಕೇಳಿಸಿತು. ನಿಂತುಹೋಯಿತು. ಮಾವನವರ ಬೆನ್ನು ನೆಟ್ಟಗಾಯಿತು. ತೋಟದ ಕಡೆ ನೋಡುತ್ತಲೇ, ಆ ಜಗಳದ ದಿನದ ನಂತರ ಮೊದಲ ಸಲ ಆಕೆಯನ್ನು ಮಾತಾಡಿಸಿದರು:

"ಯಾಕಕ್ಕಯ್ಯ… ಮೈಗೆ ಉಷಾರಿಲ್ವಾ?"

ಅಜ್ಜಿ ನಿಂತಲ್ಲೇ ನಿಂತಳು. "ಉಷಾರಾಗೇ ಇದೀನಿ ಬುಡು," ಅಂದಳು. ಟಕ್. ಟಕ್.

ಅಜ್ಜಿ ಮೊದಲು ಹೋದಳು, ಕೆಲವು ವರ್ಷ ಬಿಟ್ಟು ಮಾವನವರು. ಹಸಿ ಕೊಂಬೆಗಳನ್ನು ಲಾರಿಗೆ ತುಂಬಿಕೊಂಡು ಕರೆಂಟಿನವರು ಹೊರಟ ಮೇಲೆ ನಾನು ಒಳಗೆ ಬಂದು ಹೆಂಡತಿಗೆ ಇದನ್ನೆಲ್ಲ ಮತ್ತೆ ನೆನಪಿಸಿದೆ. ಅವಳು ಹುರುಳಿಕಾಯಿ ಸೋಸುತ್ತಾ, "ಅಪ್ಪ ಎಣಿಸ್ತಾ ಇದ್ರು ಅಂತ ನೀವು ಅಂದ್ಕೊಂಡಿದೀರ. ಅಪ್ಪಂಗೆ ಆಗ್ಲೇ ಕಿವಿ ಮಂದ ಆಗಿತ್ತು. ಸುಮ್ನೆ ವಿಚಾರಿಸಿರ್ತಾರೆ ಅಷ್ಟೆ," ಅಂದಳು.

ಇರಬಹುದು. ಆದರೆ ಮಗಳಾದವಳು ಅಪ್ಪನ ಪರವಾಗಿ ಹೇಳುವ ಸಾಕ್ಷ್ಯವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಅವರೇ ಇದ್ದಿದ್ದರೆ ನೇರವಾಗಿ ಕೇಳಿಬಿಡುತ್ತಿದ್ದೆ. ಅವರು ಉತ್ತರ ಹೇಳುವ ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇದನ್ನೆಲ್ಲ ಈಗ ಯಾಕೆ ಕೇಳುತ್ತಿದ್ದೀರಿ ಅಳಿಮಯ್ಯ ಅನ್ನುತ್ತಿದ್ದರು. ಹಾಗೆ ನನ್ನನ್ನು ಅನುಮಾನಿಸುವವರು ಈಗ ಯಾರೂ ಉಳಿದಿಲ್ಲ.