ಮಸ್ಕಿಯ ಗಾಳಿ, ಮಂಡ್ಯದ ಹೊಗೆ

ಮಸ್ಕಿಗೆ ಟೀಚರಾಗಿ ಬಂದ ಹೊಸದರಲ್ಲಿ ಒಂದು ನಸುಕಿಗೆ, ಯಾರೋ ಎದೆಯನ್ನು ಒದ್ದೆ ಬಟ್ಟೆಯಂತೆ ಹಿಂಡಿದ ಹಾಗಾಗಿ ಎಚ್ಚರವಾಯಿತು. ಮೈಯೆಲ್ಲ ಬೆವರು. ಮನೆ ಮಾಲೀಕರ ಹೆಂಡತಿ ಬಸಮ್ಮ ಓಡಿ ಬಂದು, ನನ್ನನ್ನು ಅಂಗಾತ ಮಲಗಿಸಿ ಹೊಕ್ಕುಳ ಒತ್ತತೊಡಗಿದರು.

"ಬಟ್ಟಿ ಬಿದ್ದೈತ್ರಿ ಟೀಚರ್. ನಿನ್ನಿ ಮಿರ್ಚಿ ತಿಂದೀರಿ ನೋಡ್ರಿ."

ಬಟ್ಟಿ ಬೀಳುವುದೆಂದರೆ ಹೊಕ್ಕುಳ ಜಾರುವುದಂತೆ. ಎದೆನೋವಿಗೆ ಹೊಟ್ಟೆ ತಿಕ್ಕುವ ಊರು! ನಮ್ಮ ಮಂಡ್ಯದಲ್ಲಿ ಬೆಳಗ್ಗೆ ಇಡ್ಲಿ. ಇಲ್ಲಿ ಮಂಡಕ್ಕಿ ಒಗ್ಗರಣಿ, ಜೊತೆಗೆ ಮಿರ್ಚಿ ಬಜ್ಜಿ. ಅದನ್ನಾದರೂ ಸಹಿಸಬಹುದು. ಬಸಮ್ಮನ ಗಂಡ ಅಮರಪ್ಪ ಕೋಳಿ ಕೂಗುವ ಮೊದಲೇ ನನ್ನ ಕಿಟಕಿಯಡಿ ಕೂತು ಬೀಡಿ ಸೇದಿ, ಕ್ಯಾಕರಿಸಿ ಉಗಿಯುತ್ತಿದ್ದ. ಥೂ, ಹೇಸಿಗೆ!

ಲಿಂಗಸುಗೂರಿನ ಆಸ್ಪತ್ರೆ ತಲುಪುವಷ್ಟರಲ್ಲಿ ನೋವು ಮಾಯ. ಇಸಿಜಿಯಲ್ಲೂ ಏನಿಲ್ಲ. "ಇಷ್ಟು ಸಣ್ಣ ವಯಸ್ಸಿಗೆ ಹಾರ್ಟ್ ಏನ್ರೀ? ಊರ ನೆನಪು, ಟೆನ್ಷನ್," ಎಂದು ಡಾಕ್ಟರು ನಕ್ಕರು. ಫೋನಿನಲ್ಲಿ ಅಮ್ಮನದೂ ಅದೇ ಮಾತು. ನಾನು ಸತ್ತರೂ ಟೆನ್ಷನ್ ಎಂದೇ ಬರೆಯುತ್ತಾರೇನೋ ಎಂದು ಮೈ ಉರಿಯಿತು.

ನಂಬಿದ್ದು ಬಸಮ್ಮ ಒಬ್ಬರೇ. ಮುಂದಿನ ಸಲ ನೋವು ಬಂದಾಗ ಹೊಕ್ಕುಳ ಬಿಟ್ಟು ಗಂಡನನ್ನು ಕೂಗಿದರು. "ಬಟ್ಟಿ ಅಲ್ರೀ ಇದು, ಲಗೂನ ಆಟೋ ತರ್ರಿ! ಟೀಚರ್ ಮಾರಿ ನೋಡ್ರಿ, ಬೆಳ್ಳಗಾಗೈತಿ."

ದಾರಿಯುದ್ದಕ್ಕೂ ನೋವು ಬಿಟ್ಟು ಬಿಟ್ಟು ಬಂತು. ಸಿಂಧನೂರಿನಲ್ಲಿ ನೋವಿರುವಾಗಲೇ ಇಸಿಜಿ ತೆಗೆದರು, ಕಳ್ಳ ಸಿಕ್ಕಿಬಿದ್ದ. ಮುಂದಿನ ಪರೀಕ್ಷೆಗಳಲ್ಲಿ ಬ್ಲಾಕ್ ಇರಲಿಲ್ಲ. ಹೃದಯದ ರಕ್ತನಾಳ ತಾನಾಗಿ ಬಿಗಿದು, ತಾನಾಗಿ ಸಡಿಲವಾಗುತ್ತದಂತೆ. ಸಡಿಲವಾದ ಮೇಲೆ ಗುರುತೇ ಸಿಗದಂತೆ. ಚಿಕ್ಕ ವಯಸ್ಸಿನವರಿಗೂ ಬರುತ್ತದೆ, ತಂಬಾಕಿನ ಹೊಗೆ ಅದನ್ನು ಕೆರಳಿಸಬಹುದು ಎಂದು ಅಲ್ಲಿನ ಡಾಕ್ಟರು ಹೇಳಿ, ನಾಲಿಗೆಯಡಿ ಇಡುವ ಮಾತ್ರೆ ಕೊಟ್ಟರು.

"ನನ್ನ ಬೀಡಿ ನಿಮ್ಮ ಎದಿ ಹಿಡಿತೈತಂದ್ರ, ನಾನಽ ದೂರ ಹೋಗ್ತೀನ್ರಿ," ಎಂದರು ಅಮರಪ್ಪ. ಬೀಡಿ ಬಿಡಲಿಲ್ಲ, ರಸ್ತೆಯಾಚೆಯ ಜಾಲಿಮರದಡಿಗೆ ಹೋದರು.

ದಸರಾ ರಜೆಗೆ ಮಂಡ್ಯಕ್ಕೆ ಹೋದೆ. ಅಪ್ಪ ಎಂದಿನಂತೆ ನಡುಮನೆಯಲ್ಲೇ ಕೂತು ಸಿಗರೇಟು ಹಚ್ಚಿದರು. ಎದೆ ಹಿಂಡಿತು. ಮಾತ್ರೆ ಇಟ್ಟುಕೊಂಡು ಅಮ್ಮನತ್ತ ನೋಡಿದೆ.

"ಅಪ್ಪಂಗೆ ಹೇಳಕ್ಕಾಯ್ತದೇನೇ? ಎದ್ದು ಕಿಟಕಿ ತೆಗಿ," ಎಂದಳು.

ಅಪ್ಪ ಹೊಗೆ ಬಿಡುತ್ತಲೇ ಕೇಳಿದರು, "ಟ್ರಾನ್ಸ್‌ಫರ್ ಮಾಡಿಸ್ಕೊಂಡು ಯಾವಾಗ ಬತ್ತೀಯಮ್ಮ ನಮ್ಮನೆಗೆ?"

ರಜೆ ಮುಗಿಯುವ ಮೊದಲೇ ಮಸ್ಕಿಗೆ ವಾಪಸು ಬಂದೆ. ಒಗೆಯಲೆಂದು ಸೀರೆ ತೆಗೆದರೆ, ಮಡಿಕೆ ಮಡಿಕೆಯಲ್ಲೂ ಅಪ್ಪನ ಸಿಗರೇಟಿನ ನಾತ. ಥೂ! ಬಕೆಟ್ಟಿಗೆ ಹಾಕಲು ಹೋದವಳು, ಹಾಕುವ ಮುನ್ನ ಒಮ್ಮೆ ಮೂಸಿ ನೋಡಿದೆ.