ಒಂದು ಹೊಸ ದೀಪದ ಕೆಂಪು ಗಾಡಿ

ನಮ್ಮ ಯಜಮಾನರಿಗೆ ಎಡಗಿವಿ ಕೇಳುವುದಿಲ್ಲ. ಯಾರಾದರೂ ಕಾರಣ ಕೇಳಿದರೆ, ಸಣ್ಣವನಿದ್ದಾಗ ಕೆರೆಗೆ ಹಾರಿದ್ದೆ, ನೀರು ಹೊಕ್ಕಿತು ಎನ್ನುತ್ತಾರೆ. ಶುದ್ಧ ಸುಳ್ಳು. ಧಾರವಾಡದಲ್ಲಿದ್ದಾಗ ಗೋಡೆಯಾಚೆ ನಾನು ಅವರ ತಾಯಿಯ ಮೇಲೆ ಗೊಣಗಿದ್ದೂ ಆ ಕಿವಿಗೆ ಕೇಳುತ್ತಿತ್ತು. ಅದು ಕೆಟ್ಟದ್ದು ಮುಂಬಯಿಯಲ್ಲಿ. ಚೆಂಬೂರಿನಲ್ಲಿ, ಮಹಾನವಮಿಯ ದಿನ, ಹಾಡುಹಗಲಲ್ಲಿ, ನನ್ನ ಕಣ್ಣೆದುರಿಗೇ ಅವರನ್ನು ಕೆಡವಿ ತುಳಿದರು. ಎಲ್ಲಕ್ಕೂ ಕಾರಣ ಒಂದು ಸೆಕೆಂಡ್ ಹ್ಯಾಂಡ್ ಗಾಡಿ. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಐವತ್ತರ ದಶಕದ ನಡುವಿನ ಮಾತು. ಅವರಿಗೆ ಎಣ್ಣೆ ಶುದ್ಧ ಮಾಡುವ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸ. ನಾವು ಚೆಂಬೂರಿನ ಕಾಲನಿಗೆ ಬಂದು ತಿಂಗಳೂ ತುಂಬಿರಲಿಲ್ಲ. ಎರಡು ಖೋಲಿ, ಒಂದು ನಲ್ಲಿ, ಮಕ್ಕಳಿನ್ನೂ ಇಲ್ಲ. ಅಂಥ ಸಂಸಾರದ ಮನುಷ್ಯನಿಗೆ ಹತ್ತಿದ ಹುಚ್ಚು ಓಟದ ಮೋಟಾರು ಗಾಡಿಯದು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!

ಆಗ ಬಿಳಿ ಸಾಹೇಬರು ಒಬ್ಬೊಬ್ಬರಾಗಿ ತಮ್ಮ ದೇಶಕ್ಕೆ ಹೊರಟಿದ್ದರು. ಹೊರಡುವವರು ಮೇಜು ಕುರ್ಚಿಗಳ ಹಾಗೆ ಗಾಡಿಗಳನ್ನೂ ಬಂದ ಬೆಲೆಗೆ ಮಾರುತ್ತಿದ್ದರು. ನಾಲ್ಕು ಜನ ಕೂಡುವ ಗಾಡಿಗೆ ಡಾಕ್ಟರು, ವಕೀಲರು ಮುಗಿಬೀಳುತ್ತಿದ್ದರು. ಇಬ್ಬರೇ ಕೂಡುವ, ತಲೆಯ ಮೇಲೆ ತಗಡೂ ಇಲ್ಲದ ಓಟದ ಗಾಡಿಯನ್ನು ಸಂಸಾರಸ್ಥರು ಮೂಸಿಯೂ ನೋಡುತ್ತಿರಲಿಲ್ಲ. ಹಾಗಾಗಿ ಅವು ಅಗ್ಗ. ಕೂಡಿಟ್ಟದ್ದು ಸ್ವಲ್ಪವೇ ಇದ್ದರೂ ಕೈಗೆಟಕುವಷ್ಟು ಅಗ್ಗ. ನಮ್ಮವರ ಹುಚ್ಚಿಗೆ ಆ ಅಗ್ಗವೇ ತುಪ್ಪ ಸುರಿಯಿತು.

ರವಿವಾರ ಬಂತೆಂದರೆ ಲೋಕಲ್ ಹತ್ತಿ ಊರೆಲ್ಲ ಗ್ಯಾರೇಜು ಸುತ್ತುತ್ತಿದ್ದರು. ಒಂದು ಸಲ ನನ್ನನ್ನೂ ಎಳೆದುಕೊಂಡು ಹೋದರು. ಗಿರಗಾಂವಿನ ಒಂದು ಓಣಿಯೊಳಗೆ ನಿಂತಿತ್ತು ಅದು. ಕೆಂಪು ಬಣ್ಣ, ಉದ್ದ ಮೂತಿ, ಮಡಚುವ ಕ್ಯಾನ್ವಾಸ್ ಹೊದಿಕೆಗೆ ಅಲ್ಲಲ್ಲಿ ತೇಪೆ. ಕಾಲಿಡುವ ಹಲಗೆಯಲ್ಲಿ ತೂತು ಬಿದ್ದು ಕೆಳಗಿನ ನೆಲ ಕಾಣುತ್ತಿತ್ತು. ನಮ್ಮವರು ಎಣ್ಣೆಯ ಕಡ್ಡಿ ಎಳೆದು ಮೂಸಿದರು, ಸ್ಟೇರಿಂಗ್ ಅಲುಗಿಸಿದರು, ಟೈರು ಗುದ್ದಿದರು, ಹೊಗೆಯ ಕೊಳವೆಗೆ ಅಂಗೈ ಹಿಡಿದು ಕಣ್ಣು ಮುಚ್ಚಿದರು. ದೇವರ ಮುಂದೂ ಅಷ್ಟು ಭಕ್ತಿಯಿಂದ ಅವರು ಕಣ್ಣು ಮುಚ್ಚಿದ್ದನ್ನು ನಾನು ಕಂಡಿಲ್ಲ.

ನಾನು ನೋಡಿದ್ದು ಮುಂದಿನ ದೀಪಗಳನ್ನು. ಒಂದರ ಗಾಜು ಹಳದಿಗಟ್ಟಿತ್ತು. ಇನ್ನೊಂದು ಫಳಫಳ ಹೊಳೆಯುತ್ತಿತ್ತು.

“ಏನ್ರೀ, ಒಂದು ದೀಪ ಯಾಕ ಹೊಸಾದೈತಿ?” ಎಂದೆ.

“ಫುಕಟ್ ಹಾಕಿ ಕೊಟ್ಟಾನ ತಗೋ. ಅದಕ್ಕೂ ತಕರಾರೇನು ನಿಂದು?” ಎಂದು ನನ್ನವರು ನಕ್ಕರು.

ಮಾರುವವನು ಪಾನ್ ಜಗಿಯುತ್ತ, “ಮಾಲಿಕ್ ವಿಲಾಯತ್ ಚಲಾ ಗಯಾ, ಸಾಬ್. ಅಚಾನಕ್ ಜಾನಾ ಪಡಾ. ಇಸೀಲಿಯೇ ಸಸ್ತಾ,” ಎಂದ. ಮಾಲೀಕ ಬಿಳಿಯನಲ್ಲ, ಇಲ್ಲಿಯವನೇ ಯಾವನೋ ಶ್ರೀಮಂತನಂತೆ; ಇದ್ದಕ್ಕಿದ್ದಂತೆ ವಿಲಾಯತಿಗೆ ಹೋಗಬೇಕಾಯಿತಂತೆ, ಅದಕ್ಕೇ ಅಗ್ಗವಂತೆ. ಆ ಬಾಯಿಗೆ ಆಗಲೇ ಒಂದು ಬಾರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಗಾಡಿ ಬಂತು. ಶುರುವಾದರೆ ಕಾಲನಿಯ ಕಿಟಕಿಗಳು ಗದಗದ ನಡುಗುತ್ತಿದ್ದವು. ನಮ್ಮವರು ಚರ್ಮದ ಟೊಪ್ಪಿಗೆ ಹಾಕಿ, ಅರ್ಧ ಮುಖ ಮುಚ್ಚುವ ಧೂಳಿನ ಕನ್ನಡಕ ಏರಿಸಿ ಕೂತರೆ ನನಗೇ ಗುರುತು ಸಿಗುತ್ತಿರಲಿಲ್ಲ. ನಕ್ಷೆಯ ಗೆರೆ ಕೂದಲೆಳೆ ತಪ್ಪದಂತೆ ಎಳೆಯುವ ಮನುಷ್ಯ ಸ್ಟೇರಿಂಗ್ ಹಿಡಿದರೆ ರಾಕ್ಷಸ. ನಾನು ಸೆರಗು ಬಾಯಿಗೆ ಕಚ್ಚಿಕೊಂಡು ಶಿವ ಶಿವ ಅನ್ನುತ್ತಿದ್ದೆ.

ಕಾಲನಿಯ ರಸ್ತೆ ದೊಡ್ಡ ರಸ್ತೆಗೆ ಕೂಡುವಲ್ಲಿ ಮೂರು ದಾರಿಗಳ ನಾಕಾ ಇತ್ತು. ಕಲ್ಲು ಒಡೆಯುವವರ ಝೋಪಡಿಗಳು, ನೆಲದ ಮೇಲೆ ಗೋಣಿಚೀಲ ಹಾಸಿದ ಸಣ್ಣ ಬಾಜಾರು. ಮೊದಲ ದಿನ ಅಲ್ಲಿ ಗಾಡಿ ನಿಲ್ಲಿಸಿ ಮೆಂತ್ಯ ಕೊಳ್ಳಲು ಇಳಿದೆ. ಮಾರುವ ಹೆಂಗಸು ನನ್ನ ಕಡೆ ನೋಡಲೇ ಇಲ್ಲ. ಅವಳ ಕಣ್ಣೆಲ್ಲ ಗಾಡಿಯ ಮೇಲೆ. ಮೆಂತ್ಯದ ಸೂಡುಗಳ ಮೇಲೆ ಗೋಣಿ ಎಳೆದು ಮುಚ್ಚಿಬಿಟ್ಟಳು.

ನನಗೆ ಸಿಟ್ಟು ಬಂತು. ಮರಾಠಿ ನನಗೆ ಊರಿನಿಂದಲೇ ಬಾಯಿಗೆ ಬರುತ್ತಿತ್ತು. “ಮಾರುವುದಿಲ್ಲ ಅಂದರೆ ಯಾಕೆ ಹರವಿಕೊಂಡು ಕೂತೀ?” ಎಂದು ಜಗಳಕ್ಕೇ ನಿಂತೆ. ಪಕ್ಕದ ಗಂಡಸೊಬ್ಬ ನೆಲಕ್ಕೆ ಉಗುಳಿದ.

ಮರುವಾರ ಅದೇ ನಾಕಾದಲ್ಲಿ ಕಲ್ಲು ಬಂತು. ಎಲ್ಲಿಂದ ಬಂತೋ ಕಾಣಲಿಲ್ಲ. ಮುಂದಿನ ಗಾಜು ಒಡೆದು ಚೂರುಗಳು ನನ್ನ ಮಡಿಲಿಗೆ ಸುರಿದವು. ನಮ್ಮವರ ಗದ್ದ ಸೀಳಿತು. ಅವರು ಇಳಿದು ಕೂಗಾಡಬೇಕೆಂದಿದ್ದರು, ನಾನೇ ತೋಳು ಜಗ್ಗಿ ಕೂಡಿಸಿದೆ.

“ಹೊಟ್ಟೆಕಿಚ್ಚು,” ಎಂದರು ದಾರಿಯುದ್ದಕ್ಕೂ. “ಮಂದಿಗೆ ನಮ್ಮ ಗಾಡಿ ಕಂಡ್ರ ಹೊಟ್ಟೆಕಿಚ್ಚು.”

ಸ್ಟೇಷನ್ನಿನ ಆಚೆ ಉಡುಪಿಯವರೊಬ್ಬರ ಹೋಟೆಲ್ ಇತ್ತು. ಕನ್ನಡ ಮಾತಾಡಲು ನಾವು ಅಲ್ಲಿಗೆ ಹೋಗುತ್ತಿದ್ದೆವು. ನಾಕಾದ ಕಡೆಯ ಸುದ್ದಿ ಅವರಿಗೂ ಏನೂ ಗೊತ್ತಿರಲಿಲ್ಲ. ಗದ್ದದ ಪಟ್ಟಿ ನೋಡಿ ಮಾಲೀಕರು ತಲೆಯಾಡಿಸಿದರು.

“ಇದು ದೃಷ್ಟಿಯೇ ಮಾರಾಯ್ರೆ, ಬೇರೆ ಎಂತದೂ ಅಲ್ಲ. ಗಾಡಿ ತಂದು ಪೂಜೆ ಮಾಡಿದ್ದೀರಾ? ಇಲ್ಲ ಅಲ್ವಾ? ನವಮಿಗೆ ಕುಂಬಳಕಾಯಿ ಒಡೀರಿ. ಮನೆ ಬಾಗಿಲಲ್ಲಿ ಬೇಡ, ಎಲ್ಲಿ ಕಣ್ಣು ಬಿತ್ತೋ ಅಲ್ಲಿಯೇ ಒಡೀಬೇಕು. ಕಾಯಿ ನಾನೇ ಕೊಡ್ತೇನೆ, ಹಲ್ವಕ್ಕೆ ತರಿಸಿದ್ದು ಉಂಟು.”

ನಮಗೆಲ್ಲ ಅದು ಸರಿಯೆನಿಸಿತು. ಕಣ್ಣು ಬಿದ್ದಲ್ಲಿ ಕಾಯಿ ಒಡೆಯುವುದರಲ್ಲಿ ತಪ್ಪೇನು?

ಮಹಾನವಮಿಯ ಮಧ್ಯಾಹ್ನ ಗಾಡಿ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ ನಾಕಾಕ್ಕೆ ತಂದೆವು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಹೋಟೆಲಿನವರು ಬೂದುಗುಂಬಳದ ತಲೆ ಕೊರೆದು, ಒಳಗೆ ಕುಂಕುಮ ಕಲಸಿ, ಚಿಲ್ಲರೆ ದುಡ್ಡು ತುಂಬಿ, ಮೇಲೆ ಕರ್ಪೂರ ಹಚ್ಚಿದರು. ಗಾಡಿಗೆ ಮೂರು ಸುತ್ತು ನಿವಾಳಿಸಿ, ರಸ್ತೆಯ ನಡುವೆ ಎತ್ತಿ ಅಪ್ಪಳಿಸಿದರು.

ಕಾಯಿ ಸಿಡಿಯಿತು. ಕೆಂಪು ನೀರು, ಕೆಂಪು ತಿರುಳು ಡಾಂಬರಿನ ಮೇಲೆ ಹರಡಿಕೊಂಡಿತು. ಚಿಲ್ಲರೆ ಝಣಝಣ ಉರುಳಿತು. ನಮ್ಮೂರಲ್ಲಿ ಆಗುವ ಹಾಗೆಯೇ ಇಲ್ಲೂ ಆಯಿತು. ಝೋಪಡಿಗಳಿಂದ ಮಕ್ಕಳು ಹೋ ಎಂದು ದುಡ್ಡು ಆರಿಸಲು ಓಡಿ ಬಂದವು. ನಮ್ಮವರು ಅದೇ ಹೊತ್ತಿಗೆ ಟೊಪ್ಪಿಗೆ, ಕನ್ನಡಕ ಏರಿಸಿಕೊಂಡು ನಿಂಬೆಹಣ್ಣು ಹಾಯಿಸಲು ಗಾಡಿ ಶುರು ಮಾಡಿದರು. ಅದು ಗುಡುಗಿತು. ಗಾಡಿಯ ಮೂತಿಯ ಮುಂದೆಯೇ ಮಕ್ಕಳು ಬಗ್ಗಿದ್ದವು.

ಮೆಂತ್ಯ ಮಾರುವ ಹೆಂಗಸು ಚೀರಿದಳು. ಅಂಥ ಚೀತ್ಕಾರ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. “ಹೀಚ್ ತೀ ಗಾಡಿ!” ಎಂದಳು. ಇದೇ ಆ ಗಾಡಿ.

ಕಲ್ಲು ಒಡೆಯುವ ಜನ ಅವರು, ತೋಳುಗಳು ಕಬ್ಬಿಣ. ಹೋಟೆಲಿನವರನ್ನು ಒಬ್ಬ ಎದೆಗೆ ಒದ್ದ. ಅವರು ಕುಂಬಳದ ತಿರುಳಿನ ಮೇಲೆ ಜಾರಿ ಬಿದ್ದರು. ನಮ್ಮವರನ್ನು ಕೂತಲ್ಲಿಂದಲೇ ಕುತ್ತಿಗೆ ಹಿಡಿದು ಎತ್ತಿದರು, ಗಾಡಿಗೆ ಛಾವಣಿ ಎಲ್ಲಿತ್ತು? ಕನ್ನಡಕ ಪಟ್ಟನೆ ಒಡೆಯಿತು. ಮುಖಕ್ಕೆ ಗುದ್ದಿದರು, ಬಿದ್ದ ಮೇಲೆ ಕಾಲಿನಿಂದ ಒದ್ದರು. ಒಬ್ಬ ಹಿಮ್ಮಡಿಯಿಂದ ಎಡಗಿವಿಯ ಮೇಲೆ ತುಳಿದ. “ನಮ್ಮ ಪೋರಿಯನ್ನು ಕೊಂದು, ಅದೇ ಜಾಗದಲ್ಲಿ ಬಂದು ಆಟ ಆಡುತ್ತೀಯಾ?” ಎಂದು ಕೂಗುತ್ತಿದ್ದರು. “ರಕ್ತ ಚೆಲ್ಲಿ ತೋರಿಸುತ್ತೀಯಾ?”

ಆಗ ಎಲ್ಲ ತಿಳಿಯಿತು ನನಗೆ. ಹೊಸ ದೀಪ ಯಾಕೆ, ಮಾಲೀಕ ಅಚಾನಕ್ ಹೋದದ್ದು ಯಾಕೆ, ಅಷ್ಟು ಅಗ್ಗ ಯಾಕೆ, ಎಲ್ಲ. ಅಯ್ಯೋ ಶಿವನೇ! ನಾವು ದೃಷ್ಟಿ ಅಂದುಕೊಂಡದ್ದು ದೃಷ್ಟಿಯಾಗಿರಲಿಲ್ಲ.

“ನಾವು ಮೊನ್ನೆ ಮೊನ್ನೆ ಕೊಂಡದ್ದು! ಇವರಲ್ಲ!” ಎಂದು ಕಿರಿಚಿದೆ. ಯಾರು ಕೇಳುತ್ತಾರೆ? ಒಬ್ಬನ ಬೆನ್ನಿಗೆ ಹತ್ತಿ ಕಚ್ಚಿದೆ. ಅವನು ಒದರಿ ಕೆಡವಿದ. ಇನ್ನು ನಾಲ್ಕು ಏಟು ಬಿದ್ದರೆ ಇವರು ಉಳಿಯುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು. ಸೀಟಿನ ಹಿಂದೆ ಗಾಡಿ ತಿರುವಿ ಶುರು ಮಾಡುವ ಕಬ್ಬಿಣದ ಹ್ಯಾಂಡಲ್ ಇತ್ತು. ಅದನ್ನು ಎಳೆದುಕೊಂಡು, ಎರಡೂ ಕೈಯಲ್ಲಿ ಎತ್ತಿ, ಆ ಹೊಸ ದೀಪಕ್ಕೆ ಹೊಡೆದೆ. ಗಾಜು ಪುಡಿಯಾಯಿತು. ಮತ್ತೆ ಹೊಡೆದೆ. ಮೂತಿಗೆ ಹೊಡೆದೆ, ಬಾಗಿಲಿಗೆ ಹೊಡೆದೆ. “ಕೊಂದದ್ದು ಇದು! ಇದನ್ನು ಕೊಲ್ಲಿ!” ಎಂದು ಮರಾಠಿಯಲ್ಲಿ ಅರಚಿದೆ.

ನಿಜ ಹೇಳುತ್ತೇನೆ, ಆ ಹೊಡೆತಗಳಲ್ಲಿ ನನಗೆ ಸುಖವಿತ್ತು.

ಜನ ಒಂದು ಕ್ಷಣ ನಿಂತರು. ಆಮೇಲೆ ಗಾಡಿಯ ಮೇಲೆ ಮುಗಿಬಿದ್ದರು. ಸುತ್ತಿಗೆಗಳು ಬಂದವು, ಹಾರೆ ಬಂತು. ಕ್ಯಾನ್ವಾಸ್ ಹರಿದರು, ಸೀಟಿನ ಚರ್ಮ ಸೀಳಿದರು. ಹಗುರ ಗಾಡಿ, ಅನಾಮತ್ತಾಗಿ ಎತ್ತಿ ಮಗುಚಿದರು. ಪೆಟ್ರೋಲು ಸೋರಿ, ರಸ್ತೆಯಲ್ಲಿ ಇನ್ನೂ ಉರಿಯುತ್ತಿದ್ದ ಕರ್ಪೂರದ ಕಡೆ ಹರಿಯಿತು. ಭಗ್ ಎಂದಿತು. ಎಲ್ಲರೂ ಹಿಂದೆ ಸರಿದರು.

ಹೆಂಗಸು ಮಾತ್ರ ಗಾಡಿಯ ಹತ್ತಿರ ಹೋಗಿರಲಿಲ್ಲ. ನೇರ ನನ್ನ ಬಳಿ ಬಂದು ಕೈಯಿಂದ ಹ್ಯಾಂಡಲ್ ಕಸಿದುಕೊಂಡಳು. ಸತ್ತ ಹುಡುಗಿ ಅವಳ ಮಗಳು ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ನಮ್ಮವರು ಬಿದ್ದಲ್ಲಿಗೆ ನಡೆದಳು. ನಾನು ಓಡಿ ಅವರ ಮೇಲೆ ಬಿದ್ದೆ.

“ಆಚೆ ಸರಿ,” ಎಂದಳು. “ಅವತ್ತು ಅವನು ಗಾಡಿ ನಿಲ್ಲಿಸಿ ಕನ್ನಡಕ ಎತ್ತಿ ನನ್ನ ಮಗಳನ್ನು ನೋಡಿದ. ನೋಡಿ ಹೊರಟುಹೋದ. ಆ ಮುಖ ಕಂಡಿರುವುದು ನಾನೊಬ್ಬಳೇ. ಸರಿ ಆಚೆ.”

ನಾನು ಸರಿದೆ. ನನ್ನ ಗಂಡನ ಜೀವ ಈಗ ಅವಳ ಕಣ್ಣಿನಲ್ಲಿತ್ತು. ಅವರ ಮುಖ ರಕ್ತದಲ್ಲಿ ಮುಚ್ಚಿಹೋಗಿತ್ತು, ನನಗೂ ಗುರುತು ಸಿಗದ ಹಾಗೆ. ಅವಳು ಕೂತು, ತನ್ನ ಸೆರಗಿನಿಂದ ಒರೆಸಿದಳು. ಕರುಣೆಯಿಂದಲ್ಲ. ಒರಟಾಗಿ, ಪಾತ್ರೆ ತಿಕ್ಕುವ ಹಾಗೆ ಹಣೆ ಒರೆಸಿದಳು, ಕಣ್ಣು ಒರೆಸಿದಳು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಹ್ಯಾಂಡಲ್ ಅವಳ ಮಡಿಲಲ್ಲೇ ಇತ್ತು. ಬಹಳ ಹೊತ್ತು ನೋಡಿದಳು.

“ಹಾ ನವ್ಹೇ,” ಎಂದಳು. ಇವನಲ್ಲ.

ಸುತ್ತ ನಿಂತವರು ತಲೆ ತಗ್ಗಿಸಿದರು. ಒಬ್ಬ ನೀರು ತರಲು ಓಡಿದ. ಹೋಟೆಲಿನವರು ಎದೆ ಹಿಡಿದುಕೊಂಡು ಟಾಂಗಾ ಹುಡುಕಿಕೊಂಡು ಹೋದರು. ಅವಳು ಹ್ಯಾಂಡಲ್ ಎಸೆದು, ಎದೆ ಬಡಿದುಕೊಂಡು ಅಳತೊಡಗಿದಳು. ಇವರೇ ಅವನಾಗಿದ್ದರೆ ಅವಳಿಗೆ ಅಷ್ಟು ಅಳು ಬರುತ್ತಿರಲಿಲ್ಲ. ನನಗೋ ಅವಳು ಅತ್ತಷ್ಟೂ ಸಂತೋಷ, ನನ್ನ ಗಂಡ ಬದುಕಿದ ಎಂಬ ಸಂತೋಷ. ಅಂಥ ಸಂತೋಷ ಯಾವ ಹೆಂಗಸಿಗೂ ಬಾರದಿರಲಿ.

ನಮ್ಮವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಎಡಗಿವಿಯಿಂದ ರಕ್ತ ಬಸಿಯುತ್ತಿತ್ತು. ಅವಳು ಅಳು ನಿಲ್ಲಿಸಿ, ಮೂಗು ಒರೆಸಿಕೊಂಡು ನನ್ನ ಹತ್ತಿರ ಜರುಗಿದಳು.

“ಹಾಗಾದರೆ ಅವನು ಎಲ್ಲಿ, ಅಕ್ಕಾ?”

“ವಿಲಾಯತಿಗೆ ಹೋದನಂತೆ,” ಎಂದೆ.

ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಸೀರೆಯ ಗಂಟಿನಲ್ಲಿದ್ದ ಚಿಲ್ಲರೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು.

“ಅದಕ್ಕೆ ಯಾವ ಸ್ಟೇಷನ್ನಿಗೆ ಇಳಿಯಬೇಕು?” ಎಂದು ಕೇಳಿದಳು.